ಸಾರಥಿ ಆಡದ ಆಟ

ನಡೆಮಾಪಕವು ತನ್ನ ಎಂಟುನೂರ ಹನ್ನೆರಡನೆಯ ಆಟವನ್ನು ಓದಿ ಮುಗಿಸಿದಾಗ ಧಾರವಾಡದ ಚದುರಂಗ ದಾಖಲಾಲಯದ ಗಡಿಯಾರದಲ್ಲಿ ಬೆಳಗಿನ ಹನ್ನೊಂದು ಗಂಟೆ. ಪರದೆಯ ಮೇಲೆ ಎಂದಿನಂತೆ ಎರಡು ಗೆರೆಗಳು ಮೂಡಬೇಕಿತ್ತು. ನೀಲಿ ಗೆರೆ ಯಂತ್ರದ್ದು, ಕೆಂಪು ಗೆರೆ ಮನುಷ್ಯನದು. ಇಪ್ಪತ್ತೆರಡನೆಯ ನಡೆಯವರೆಗೆ ಹಾಗೆಯೇ ಇತ್ತು. ಅಲ್ಲಿಂದ ಮುಂದೆ ನೀಲಿ ಗೆರೆ ನಿಂತುಹೋಗಿ, ಅದರ ಜಾಗದಲ್ಲಿ ಇನ್ನೊಂದು ಕೆಂಪು ಗೆರೆ ಹೊರಟು ನಲವತ್ತೊಂದನೆಯ ನಡೆಯವರೆಗೂ ಹೋಗಿತ್ತು.

ನಡೆಮಾಪಕವನ್ನು ರೂಪಿಸಿದ ಡಾ. ಶಾಲ್ಮಲಿ ಯಲಿಗಾರ ಮೊದಲು ತನ್ನದೇ ತಪ್ಪಿರಬೇಕೆಂದುಕೊಂಡಳು. ಅದೇ ಆಟವನ್ನು ಮತ್ತೆ ಓದಿಸಿದಳು. ಮೂರು ಸಲ ಓದಿಸಿದರೂ ಉತ್ತರ ಬದಲಾಗಲಿಲ್ಲ. ಸಾರಥಿ ಎಂಬ ಗಣಕಯಂತ್ರ ಗೆದ್ದಿತೆಂದು ಐವತ್ತು ವರ್ಷಗಳಿಂದ ಎಲ್ಲರೂ ನಂಬಿದ್ದ ಆಟದ ಉತ್ತರಾರ್ಧವನ್ನು ಆಡಿದ್ದು ಒಬ್ಬ ಮನುಷ್ಯ.

ಅದು ೨೦೪೬ನೆಯ ಇಸವಿ. ಚದುರಂಗದಲ್ಲಿ ಯಂತ್ರವನ್ನು ಮನುಷ್ಯ ಸೋಲಿಸಬಲ್ಲವನಾಗಿದ್ದ ಕಾಲವೊಂದಿತ್ತು ಎಂದರೆ ಆಗಿನ ಮಕ್ಕಳು ನಗುತ್ತಿದ್ದರು. ಅವರು ಹುಟ್ಟುವ ಎಷ್ಟೋ ಮೊದಲೇ ಆ ಸ್ಪರ್ಧೆ ಮುಗಿದುಹೋಗಿತ್ತು. ಆದರೆ ಹಿಂದಿನ ಶತಮಾನದ ಕೊನೆಯ ಎರಡು ಮೂರು ದಶಕಗಳಲ್ಲಿ ಅದು ನಿಜವಾದ ಸ್ಪರ್ಧೆಯಾಗಿತ್ತು. ದೇಶದೇಶಗಳಲ್ಲಿ ಎಂಜಿನಿಯರುಗಳು ತಮ್ಮ ಯಂತ್ರಗಳನ್ನು ಲಾರಿಗಳಲ್ಲಿ ಹೇರಿಕೊಂಡು ಬಂದು ಚಾಂಪಿಯನ್ನರ ಎದುರು ಕೂರಿಸುತ್ತಿದ್ದರು. ಜನ ಟಿಕೆಟ್ ಕೊಂಡು ನೋಡುತ್ತಿದ್ದರು. ಯಂತ್ರ ಸೋತಾಗ ಚಪ್ಪಾಳೆ ತಟ್ಟುತ್ತಿದ್ದರು, ಗೆದ್ದಾಗಲೂ ತಟ್ಟುತ್ತಿದ್ದರು.

ಆ ಯಂತ್ರಗಳಲ್ಲಿ ಯಾವುದು ಶ್ರೇಷ್ಠ ಎಂಬ ಜಗಳ ಮಾತ್ರ ತೀರಿರಲಿಲ್ಲ. ಒಂದು ಯಂತ್ರ ಜ್ವರದಿಂದ ಎದ್ದು ಬಂದ ಚಾಂಪಿಯನ್ನನನ್ನು ಸೋಲಿಸಿತ್ತು. ಇನ್ನೊಂದು ತನ್ನ ಉತ್ತುಂಗದಲ್ಲಿದ್ದ ಚಾಂಪಿಯನ್ನನ ಜೊತೆ ಸಮ ಮಾಡಿಕೊಂಡಿತ್ತು. ಒಂದಕ್ಕೆ ನಡೆಗೆ ಮೂರು ನಿಮಿಷ ಸಿಕ್ಕಿತ್ತು, ಇನ್ನೊಂದಕ್ಕೆ ಹದಿನೈದು ಸೆಕೆಂಡು. ಬರೀ ಸೋಲುಗೆಲುವು ಎಣಿಸಿ ಇವುಗಳನ್ನು ಹೋಲಿಸುವುದೆಂದರೆ, ಮರಳಿನಲ್ಲಿ ಓಡಿದವನನ್ನೂ ಡಾಂಬರು ರಸ್ತೆಯಲ್ಲಿ ಓಡಿದವನನ್ನೂ ಒಂದೇ ಗಡಿಯಾರದಲ್ಲಿ ಅಳೆದಂತೆ. ಶಾಲ್ಮಲಿ ಏಳು ವರ್ಷ ದುಡಿದು ನಡೆಮಾಪಕವನ್ನು ಕಟ್ಟಿದ್ದು ಇದಕ್ಕಾಗಿ. ಅದು ಪ್ರತಿಯೊಂದು ಹಳೆಯ ಯಂತ್ರವನ್ನೂ ಅದರ ಮೂಲ ವೇಗದಲ್ಲಿ, ಮೂಲ ದೋಷಗಳೊಂದಿಗೆ ತನ್ನೊಳಗೆ ಮತ್ತೆ ಜೀವಂತಗೊಳಿಸುತ್ತಿತ್ತು. ಆಟಗಾರನ ವಿಷಯದಲ್ಲಿ, ಅವನು ಜೀವಮಾನದಲ್ಲಿ ಆಡಿದ ಆಟಗಳನ್ನೆಲ್ಲ ಓದಿ ಅವನ ರೂಢಿಯನ್ನು ಗುರುತಿಸುತ್ತಿತ್ತು. ಒಳ್ಳೆಯ ನಡೆಗಳು ಎರಡು ಮೂರು ಇರುವಲ್ಲಿ ಯಾವುದನ್ನು ಆರಿಸುತ್ತೇವೆ, ಎಷ್ಟು ಹೊತ್ತು ಯೋಚಿಸುತ್ತೇವೆ ಎಂಬುದು ಕೈಬರಹದ ಹಾಗೆ ಒಬ್ಬೊಬ್ಬರದು ಒಂದೊಂದು ಬಗೆ. ಆ ಕೈಬರಹವನ್ನು ಓದಿ, ಆ ದಿನ ಆ ಇಬ್ಬರೂ ನಿಜಕ್ಕೂ ಎಷ್ಟು ಚೆನ್ನಾಗಿ ಆಡಿದರೆಂದು ಅದು ಹೇಳುತ್ತಿತ್ತು. ಆಡಿದ್ದು ಯಾರೆಂದು ಹೇಳಲು ಯಾರೂ ಅದನ್ನು ಕೇಳಿರಲಿಲ್ಲ.

ಸಾರಥಿಯ ಪಂದ್ಯ ನಡೆದದ್ದು ೧೯೯೬ರ ಡಿಸೆಂಬರಿನಲ್ಲಿ, ಹುಬ್ಬಳ್ಳಿಯ ಒಂದು ವ್ಯಾಪಾರಿ ಸಂಘದ ಸಭಾಂಗಣದಲ್ಲಿ. ಬೆಂಗಳೂರಿನ ಒಂದು ಸರ್ಕಾರಿ ಪ್ರಯೋಗಾಲಯ ತಯಾರಿಸಿದ ಸಾರಥಿ ಎರಡು ಬಾಗಿಲಿನ ಕಪಾಟಿನಷ್ಟು ದೊಡ್ಡದಿತ್ತು. ಅದರ ಎದುರು ಕುಳಿತವರು ಆ ವರ್ಷದ ರಾಷ್ಟ್ರೀಯ ಚಾಂಪಿಯನ್, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಇಮಾಮಹುಸೇನ ನದಾಫ. ದಿನಕ್ಕೊಂದರಂತೆ ಆರು ಆಟ. ವರ್ಕ್‌ಶಾಪಿನಲ್ಲಿ ಪಾಳಿ ಮುಗಿಸಿದವರು ಎಣ್ಣೆಗೈಯಲ್ಲೇ ಬಂದು, ಕಾಗದದ ಪೊಟ್ಟಣದಲ್ಲಿ ಮಂಡಕ್ಕಿಯ ಗಿರ್ಮಿಟ್ ಹಿಡಿದುಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ಮರದ ದೊಡ್ಡ ಹಲಗೆಯ ಮೇಲೆ ಮೊಳೆಗಳಿಗೆ ಕಾಯಿಗಳನ್ನು ನೇತುಹಾಕಿ, ಪ್ರತಿ ನಡೆಯನ್ನೂ ಸಭೆಗೆ ತೋರಿಸುತ್ತಿದ್ದರು. ಆ ದಿನಗಳ ಫೋಟೊಗಳನ್ನು ಶಾಲ್ಮಲಿ ತನ್ನ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಳು. ಅವಳು ಹುಟ್ಟುವುದಕ್ಕಿಂತ ಹನ್ನೆರಡು ವರ್ಷ ಮೊದಲಿನ ಸಂಗತಿಯಾದರೂ, ಆ ಮುಖಗಳನ್ನು ನೋಡಿದರೆ ತಾನೂ ಅಲ್ಲಿ ಎಲ್ಲೋ ನಿಂತಿದ್ದೆನೆಂಬಂತೆ ಅವಳ ಮನಸ್ಸು ಅತ್ತ ಎಳೆಯುತ್ತಿತ್ತು.

ನಾಲ್ಕು ಆಟಗಳ ನಂತರ ಇಬ್ಬರದೂ ಎರಡೆರಡು ಅಂಕ. ಐದನೆಯದನ್ನು ಸಾರಥಿ ಗೆದ್ದಿತು, ಆರನೆಯದು ಸಮವಾಯಿತು. ಮೂರೂವರೆ–ಎರಡೂವರೆ. ನಮ್ಮ ನಾಡಿನ ಯಂತ್ರವೊಂದು ಚಾಂಪಿಯನ್ನನನ್ನು ಸೋಲಿಸಿದ ಮೊದಲ ಪಂದ್ಯವೆಂದು ಅದು ದಾಖಲಾಯಿತು. ಐದನೆಯ ಆಟದ ಮೂವತ್ತೊಂದನೆಯ ನಡೆಯಂತೂ ಪಠ್ಯಪುಸ್ತಕ ಸೇರಿತು. ಮುನ್ನುಗ್ಗಬೇಕಾದ ಹೊತ್ತಿನಲ್ಲಿ ಸಾರಥಿ ತನ್ನ ಕುದುರೆಯನ್ನು ಅದು ಹೊರಟ ಮನೆಗೇ ಹಿಂದಕ್ಕೆ ತಂದಿತ್ತು. ಹತ್ತು ನಡೆಗಳ ನಂತರ ನದಾಫರಿಗೆ ದಾರಿ ಉಳಿಯಲಿಲ್ಲ. ಯಂತ್ರಕ್ಕೂ ಸ್ವಂತ ಕಲ್ಪನೆಯಿದೆ ಎಂದು ವಾದಿಸುವವರು ಮೊದಲು ಉದಾಹರಿಸುತ್ತಿದ್ದುದೇ ಆ ನಡೆಯನ್ನು.

ಬರುವ ಡಿಸೆಂಬರಿನಲ್ಲಿ ಆ ಗೆಲುವಿನ ಐವತ್ತನೆಯ ವರ್ಷದ ಸಮಾರಂಭವಿತ್ತು. ಶಾಲ್ಮಲಿ ವಿಷಯ ತಿಳಿಸಿದಾಗ ದಾಖಲಾಲಯದ ಮುಖ್ಯಸ್ಥರು ಸಂಬಂಧಪಟ್ಟವರು ಬದುಕಿದ್ದರೆ ಮೊದಲು ಅವರನ್ನು ಕೇಳಿ ಬಾ ಎಂದರು.

ಸಾರಥಿಯ ಮುಖ್ಯ ವಿಜ್ಞಾನಿ ಶೇಷಗಿರಿಯವರು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಆದರೆ ಹಳೆಯ ಫೋಟೊ ಒಂದರಲ್ಲಿ, ವೇದಿಕೆಯ ಪರದೆಯ ಅಂಚಿನಲ್ಲಿ, ಕೈಯಲ್ಲಿ ಚೀಟಿ ಹಿಡಿದ ಯುವತಿಯೊಬ್ಬಳು ನಿಂತಿದ್ದಳು. ಯಂತ್ರವಿದ್ದುದು ಪರದೆಯ ಹಿಂದೆ. ಅದು ತೋರಿಸಿದ ನಡೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ನದಾಫರ ಎದುರಿನ ಹಲಗೆಯ ಮೇಲೆ ಕಾಯಿ ಸರಿಸುವುದು ಅವಳ ಕೆಲಸ. ಹಳೆಯ ಕಡತದಲ್ಲಿ ಅವಳ ಹೆಸರಿತ್ತು: ಟಿ. ಎನ್. ಪ್ರಫುಲ್ಲಾ, ತಾಂತ್ರಿಕ ಸಹಾಯಕಿ.

ಪ್ರಫುಲ್ಲಾ ಸಿಕ್ಕಿದ್ದು ತಿಪಟೂರಿನಲ್ಲಿ. ವಯಸ್ಸು ಎಪ್ಪತ್ತಮೂರು, ನಿವೃತ್ತ ಗಣಿತ ಶಿಕ್ಷಕಿ. ಶಾಲ್ಮಲಿ ತಂದ ಕಾಗದದ ಮೇಲಿನ ಎರಡು ಕೆಂಪು ಗೆರೆಗಳನ್ನು ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಇದು ಹೇಗೆ ತಿಳಿಯಿತೆಂದು ಶಾಂತವಾಗಿ ಕೇಳಿದರು. ಶಾಲ್ಮಲಿ ವಿವರಿಸಿದಳು. ಸಾರಥಿ ಯಾವ ನಡೆಗಾದರೂ ಮೂರು ನಿಮಿಷದ ಆಸುಪಾಸೇ ತೆಗೆದುಕೊಳ್ಳುತ್ತಿತ್ತು. ಇಪ್ಪತ್ತಮೂರರಿಂದ ಮುಂದೆ ಒಂದು ನಡೆಗೆ ನಲವತ್ತು ಸೆಕೆಂಡು, ಇನ್ನೊಂದಕ್ಕೆ ಹನ್ನೊಂದು ನಿಮಿಷ ಹಿಡಿದಿತ್ತು. ಅದಕ್ಕಿಂತ ಮುಖ್ಯವಾಗಿ, ಕುದುರೆಯನ್ನು ಹೊರಟ ಮನೆಗೆ ಹಿಂದಿರುಗಿಸಬಾರದೆಂಬ ನಿಯಮ ಸಾರಥಿಯಲ್ಲಿ ಅಡಕವಾಗಿತ್ತು. ಅದು ಆ ನಡೆಯನ್ನು ಆಡುವುದು ಸಾಧ್ಯವೇ ಇರಲಿಲ್ಲ.

ಪ್ರಫುಲ್ಲಾ ಮೆಲ್ಲಗೆ ನಕ್ಕರು. "ಆ ನಿಯಮ ಬರೆದವಳೇ ನಾನು, ನೋಡಮ್ಮ."

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಅವರ ತಂದೆ ಅಂಚೆ ಮಾಸ್ತರರು. ದೂರದೂರಿನ ಆಟಗಾರರ ಜೊತೆ ಅಂಚೆ ಕಾರ್ಡಿನ ಮೂಲಕ ಚದುರಂಗ ಆಡುತ್ತಿದ್ದರು. ಒಂದು ಆಟಕ್ಕೆ ಒಂದು ವರ್ಷವೂ ಆಗುತ್ತಿತ್ತು. ಏಳನೆಯ ವಯಸ್ಸಿನಿಂದ ಪ್ರಫುಲ್ಲಾ ಅವರ ಪಕ್ಕದಲ್ಲಿ ಕೂತು ಪ್ರತಿ ಆಟದ ಹಲಗೆಯನ್ನೂ ಜೋಡಿಸಿಡುತ್ತಿದ್ದರು, ಬರಬರುತ್ತಾ ಉತ್ತರವನ್ನೂ ಸೂಚಿಸತೊಡಗಿದ್ದರು. ಹತ್ತೊಂಬತ್ತು ತುಂಬಿದಾಗ ತಂದೆ ತೀರಿಕೊಂಡರು. ಮನೆಯ ಭಾರ ಅವರ ಮೇಲೆ ಬಿತ್ತು. ಯಾರ ಎದುರಿಗೂ ಕೂತು ಒಂದು ಆಟವನ್ನೂ ಆಡದೆ ಅವರ ಚದುರಂಗ ಮುಗಿದುಹೋಯಿತು.

ಐದನೆಯ ದಿನ ಶೇಷಗಿರಿಯವರು ಜ್ವರ ಬಂದು ಲಾಡ್ಜಿನಲ್ಲೇ ಮಲಗಿದ್ದರು. ಪರದೆಯ ಹಿಂದೆ ಪ್ರಫುಲ್ಲಾ ಒಬ್ಬರೇ. ಇಪ್ಪತ್ತೆರಡನೆಯ ನಡೆಯಾದ ಮೇಲೆ ದೀಪ ಒಮ್ಮೆ ಮಂಕಾಗಿ ಮತ್ತೆ ಹೊತ್ತಿಕೊಂಡಿತು. ಸಾರಥಿಯ ಮಾನಿಟರ್ ಕಲ್ಲಿನಂತೆ ನಿಂತುಬಿಟ್ಟಿತು. ಯಂತ್ರ ಕೆಟ್ಟರೂ ಅದರ ಗಡಿಯಾರ ನಿಲ್ಲಿಸುವಂತಿಲ್ಲವೆಂಬುದು ಪಂದ್ಯದ ನಿಯಮ. ಮತ್ತೆ ಚಾಲೂ ಮಾಡಲು ಅರ್ಧ ಗಂಟೆ ಬೇಕು. ಈ ಪಂದ್ಯದಲ್ಲಿ ಯಂತ್ರ ಕೈಕೊಟ್ಟರೆ ಯೋಜನೆಯನ್ನೇ ಮುಚ್ಚುತ್ತೇವೆಂದು ಮೇಲಿನವರು ಬರೆದಿದ್ದರು. ಹದಿನೆಂಟು ಜನರ ಜೀವನ ಆ ಯೋಜನೆಯನ್ನೇ ನಂಬಿಕೊಂಡಿತ್ತು. ಸ್ವಿಚ್ಚು ಒತ್ತಿ ನಿಂತ ಪ್ರಫುಲ್ಲಾ ಅವರಿಗೆ ಮುಂದಿನ ನಡೆ ಎದುರಿಗೇ ಕಾಣುತ್ತಿತ್ತು. ಇದೊಂದು ನಡೆ ತಾನೇ ಆಡಿಬಿಟ್ಟರೆ, ನದಾಫರು ಯೋಚಿಸುವಷ್ಟು ಹೊತ್ತಾದರೂ ಯಂತ್ರಕ್ಕೆ ಸಿಗುತ್ತದೆ ಎಂದುಕೊಂಡು ಚೀಟಿಯಲ್ಲಿ ಬರೆದುಕೊಂಡು ಹೋದರು. ಆಮೇಲೆ ಇನ್ನೊಂದು.

ಅಷ್ಟೇ ಆಗಿದ್ದರೆ ಇಷ್ಟು ವರ್ಷ ಕೊರೆಯುತ್ತಿರಲಿಲ್ಲ ಎಂದರು ಪ್ರಫುಲ್ಲಾ.

"ಇಪ್ಪತ್ತೇಳನೇ ನಡೆ ಹೊತ್ತಿಗೆ ಯಂತ್ರ ಸರಿಹೋಗಿತ್ತಮ್ಮ. ಕಾಯಿಗಳು ಎಲ್ಲೆಲ್ಲಿವೆ ಹೇಳು ಅಂತ ಮಾನಿಟರ್ ಮೇಲೆ ಕೇಳ್ತಾ ಇತ್ತು. ನಾನೇ ಹೇಳಲಿಲ್ಲ."

"ಯಾಕೆ ಮೇಡಮ್?"

"ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ. ಅಂಥ ಆಟಗಾರರ ಎದುರಿಗೆ ಆಡೋದು ನನ್ನಂಥವಳಿಗೆ ಇನ್ಯಾವತ್ತು ಸಿಗ್ತಿತ್ತು?"

ನದಾಫರು ಸೋಲೊಪ್ಪಿಕೊಂಡಾಗ ಸಭೆಯಲ್ಲಿ ದೊಡ್ಡ ಚಪ್ಪಾಳೆ. ಸಂಘದ ಅಧ್ಯಕ್ಷರು ಪರದೆ ಸರಿಸಿ, ಕಪಾಟಿನ ಹಿಡಿಕೆಗೆ ಚೆಂಡುಹೂವಿನ ಹಾರ ಹಾಕಿದರು. ಪ್ರಫುಲ್ಲಾ ಅದರ ಪಕ್ಕದಲ್ಲಿ ನಿಂತಿದ್ದರು. ಸಂಜೆ ಶೇಷಗಿರಿಯವರಿಗೆ ನಿಜ ಹೇಳಲೆಂದು ಲಾಡ್ಜಿಗೆ ಹೋದರೆ, ಅವರು ಹಾಸಿಗೆಯಲ್ಲಿ ಎದ್ದು ಕೂತು ಸಂತೋಷದಿಂದ ಅಳುತ್ತಿದ್ದರು. ಹೇಳಲಾಗಲಿಲ್ಲ. ಆರು ತಿಂಗಳಲ್ಲಿ ಪ್ರಫುಲ್ಲಾ ಕೆಲಸ ಬಿಟ್ಟು ಊರಿಗೆ ಬಂದರು. ಶಾಲೆಯಲ್ಲಿ ಮಕ್ಕಳು ಚದುರಂಗ ಕಲಿಸಿಕೊಡಿ ಎಂದಾಗಲೂ ಬರುವುದಿಲ್ಲವೆಂದೇ ಹೇಳುತ್ತಾ ಬಂದರು.

ಅವರನ್ನು ಹೆಚ್ಚು ಕಾಡಿದ್ದು ನದಾಫರ ಸುದ್ದಿ. ಮರುವರ್ಷ ನದಾಫರು ರಾಷ್ಟ್ರೀಯ ಪಂದ್ಯಾವಳಿಗೆ ಹೋಗಲಿಲ್ಲ. ಪತ್ರಿಕೆಗಳು ಅವರನ್ನು ಕಪಾಟಿಗೆ ಸೋತ ಚಾಂಪಿಯನ್ ಎಂದು ಕರೆದವು. ಆ ಹೆಸರು ಅವರಿಗೆ ಅಂಟಿಕೊಂಡೇಬಿಟ್ಟಿತು. ತಾನು ಹತ್ತೊಂಬತ್ತು ನಡೆಗಳ ಆಸೆಗೆ ಒಬ್ಬ ದೊಡ್ಡ ಆಟಗಾರನನ್ನು ಮುಗಿಸಿಬಿಟ್ಟೆನೆಂದು ಪ್ರಫುಲ್ಲಾ ನಂಬಿದ್ದರು.

"ನೀನು ಏನು ಬೇಕಾದರೂ ಬರಿ. ಆದರೆ ಮೊದಲು ಅವರಿಗೆ ಗೊತ್ತಾಗಬೇಕು. ನಾನೇ ಹೇಳಬೇಕು," ಎಂದರು.

ಮುಂದಿನ ವಾರ ಇಬ್ಬರೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋದರು. ದಾರಿಯುದ್ದಕ್ಕೂ ಪ್ರಫುಲ್ಲಾ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದುದು ಅವರ ತುಟಿಗಳಿಂದಲೇ ತಿಳಿಯುತ್ತಿತ್ತು. ಸಾರಥಿಯ ತಂಡದಲ್ಲಿದ್ದ ಒಬ್ಬರು ನೋಡಲು ಬರುತ್ತಿದ್ದಾರೆಂದಷ್ಟೇ ಶಾಲ್ಮಲಿ ಫೋನಿನಲ್ಲಿ ನದಾಫರಿಗೆ ತಿಳಿಸಿದ್ದಳು.

ನದಾಫರಿಗೆ ಎಂಬತ್ತೈದು. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಹಳೇಹುಬ್ಬಳ್ಳಿಯ ಮನೆಯ ಪಡಸಾಲೆಯಲ್ಲಿ, ಮಗಳು ಮೆಹರುನ್ನಿಸಾ ತಂದಿಟ್ಟ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲಲ್ಲಿ ನಿಂತ ಪ್ರಫುಲ್ಲಾ ಅವರನ್ನು ಅವರು ಒಂದು ಕ್ಷಣ ನೋಡಿದರು.

"ಬರ್ರಿ, ಅಕ್ಕಾರ. ಐದನೇ ಆಟದವರು ನೀವ ಹೌದಲ್ರಿ?"

ಪ್ರಫುಲ್ಲಾ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲೋ ಹೋದವು. ಕೂತು, ತಡವರಿಸುತ್ತಾ, ದೀಪ ಮಂಕಾದದ್ದರಿಂದ ಹಾರ ಹಾಕಿದವರೆಗೆ ಎಲ್ಲವನ್ನೂ ಹೇಳಿದರು. ಯಂತ್ರ ಸರಿಹೋದ ಮೇಲೂ ತಾನೇ ಆಡಿದ್ದನ್ನು ಎರಡು ಸಲ ಹೇಳಿದರು. ನದಾಫರು ಕೈಯನ್ನು ಕಿವಿಗೆ ಆನಿಸಿಕೊಂಡು ನಡುವೆ ಬಾಯಿ ಹಾಕದೆ ಕೇಳಿದರು.

"ನನಗ ಗೊತ್ತಿತ್ರಿ," ಎಂದರು ಕೊನೆಗೆ.

ಯಾವಾಗ ಗೊತ್ತಾಯಿತೆಂದು ಶಾಲ್ಮಲಿ ಕೇಳಿದಳು. ತನ್ನ ಯಂತ್ರಕ್ಕೆ ಅಷ್ಟು ಲೆಕ್ಕಾಚಾರ ಬೇಕಾಗಿದ್ದ ವಿಷಯ ಇವರಿಗೆ ಹೇಗೆ ತಿಳಿಯಿತೆಂಬುದು ಅವಳಿಗೆ ಅರ್ಥವಾಗಲಿಲ್ಲ.

"ನೋಡವ್ವ, ನಾಕು ದಿನ ಇವರು ಚೀಟಿ ನೋಡಿ ಕಾಯಿ ಇಡ್ತಿದ್ರು, ಹೋಗ್ತಿದ್ರು. ನನ್ನ ಮಾರಿ ಒಮ್ಮಿನೂ ನೋಡಿದ್ದಿಲ್ಲ. ಅವತ್ತು ದೀಪ ಮಂಕಾದ ಮ್ಯಾಲೆ ಒಂಟೆ ಕಾಯಿ ಇಟ್ಟವರು ನನ್ನ ಮಾರಿ ನೋಡಿದ್ರು. ಚೀಟಿ ತಂದವರು ಯಾಕ ನೋಡ್ತಾರ? ಆಡಿದವರ ನೋಡೂದು."

ಹಾಗಿದ್ದರೆ ಅಂದೇ ಯಾಕೆ ತಕರಾರು ಮಾಡಲಿಲ್ಲ, ಮಾಡಿದ್ದರೆ ಪಂದ್ಯ ನಿಮ್ಮದೇ ಆಗುತ್ತಿತ್ತಲ್ಲ ಎಂದು ಪ್ರಫುಲ್ಲಾ ಕೇಳಿದರು.

"ನಾಕು ದಿನ ಕಪಾಟಿನ ಜೋಡಿ ಆಡಿ ನನಗ ಸಾಕಾಗಿತ್ರಿ," ಎಂದರು ನದಾಫರು. "ಗೆದ್ದರೂ ಯಾರ ಮಾರೀನೂ ಸಣ್ಣದಾಗೂದಿಲ್ಲ, ಸೋತರೂ ಯಾರೂ ನಗೂದಿಲ್ಲ. ಐದನೇ ದಿನ ಎದುರಿಗೆ ಒಬ್ಬರು ಬಂದ್ರು. ಬಾಯಿ ಬಿಟ್ಟಿದ್ರ ಆಟ ನಿಂತು ಹೋಗ್ತಿತ್ತು. ನಿಲ್ಲೂದು ನನಗ ಬ್ಯಾಡಾಗಿತ್ತು."

ಬೇಕೆಂದು ಸೋತಿರಾ ಎಂದು ಶಾಲ್ಮಲಿ ಕೇಳಿದ್ದಕ್ಕೆ ಮಾತ್ರ ಅವರಿಗೆ ಸಿಟ್ಟು ಬಂತು. ತನ್ನ ಕೈಲಾದದ್ದನ್ನೆಲ್ಲ ಮಾಡಿಯೇ ಸೋತೆನೆಂದರು. ಮರುವರ್ಷ ಪಂದ್ಯಾವಳಿಗೆ ಹೋಗದಿದ್ದುದು ಹೆಂಡತಿಗೆ ಆರಾಮಿರಲಿಲ್ಲವೆಂದು. ಸೋಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಈ ಮಾತು ಕೇಳಿದಾಗ ಪ್ರಫುಲ್ಲಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅದು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕುದುರೆಯ ನಡೆಯ ಬಗ್ಗೆ ನದಾಫರು ಆ ದಿನಗಳಲ್ಲೇ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಲೇಖನ ಬರೆದಿದ್ದರು. 'ಅದನ್ನು ಆಡಿದವರನ್ನು ನಾನು ಮರೆಯುವುದಿಲ್ಲ' ಎಂಬುದು ಅದರ ಕೊನೆಯ ಸಾಲು. ಅಚ್ಚಾಗಿ ಬಂದಾಗ ಅದು 'ಆಡಿದ ಯಂತ್ರವನ್ನು' ಎಂದಾಗಿತ್ತು. ಹೆಸರು ಬರೆದಿದ್ದರೆ ಆ ಹುಡುಗಿಯ ಕೆಲಸ ಹೋಗುತ್ತಿತ್ತು, ಬರೆಯದೆ ಇರಲು ಮನಸ್ಸು ಕೇಳಲಿಲ್ಲ ಎಂದರು. ಎರಡು ವರ್ಷ ಬಿಟ್ಟು ಬೆಂಗಳೂರಿಗೆ ಹೋದಾಗ ಪ್ರಯೋಗಾಲಯದ ಬಾಗಿಲಲ್ಲಿ ವಿಚಾರಿಸಿದ್ದರಂತೆ. ಕೆಲಸ ಬಿಟ್ಟು ಹೋದಳು, ಊರು ಗೊತ್ತಿಲ್ಲ ಎಂದಿದ್ದರಂತೆ.

ಮೆಹರುನ್ನಿಸಾ ಚಹಾ ತಂದಳು. ಅದು ಆರುವ ಮೊದಲೇ ಟೀಪಾಯಿಯ ಮೇಲೆ ಹಲಗೆ ಬಂತು. ಕುದುರೆ ಹಿಂದೆ ಬಂದ ಮೇಲೆ ತಾನು ಆನೆಯನ್ನು ಸರಿಸಿದ್ದು ತಪ್ಪಾಯಿತು, ಮಂತ್ರಿಯನ್ನು ತರಬೇಕಿತ್ತು ಎಂದರು ನದಾಫರು. ಮಂತ್ರಿ ಬಂದಿದ್ದರೆ ಕಾಲಾಳನ್ನು ಮುಂದೆ ನೂಕುತ್ತಿದ್ದೆ ಎಂದರು ಪ್ರಫುಲ್ಲಾ. ಐವತ್ತು ವರ್ಷ ಚದುರಂಗ ಬರುವುದಿಲ್ಲವೆಂದವರ ಬೆರಳು ಕಾಯಿಯನ್ನು ಎತ್ತಿ ಚೌಕದ ಮಧ್ಯದಲ್ಲಿ ಸದ್ದಿಲ್ಲದೆ ಇಟ್ಟಿತು. ಯಾರ ಮಾತು ಸರಿಯೆಂದು ಶಾಲ್ಮಲಿಗೆ ಗೊತ್ತಿತ್ತು. ನಡೆಮಾಪಕದ ಉತ್ತರ ಅವಳ ಚೀಲದಲ್ಲಿದ್ದ ಕಾಗದಗಳಲ್ಲೇ ಇತ್ತು. ಅವಳು ಬಾಯಿ ತೆರೆಯುವುದನ್ನು ಕಂಡು ನದಾಫರು ಕೈ ಅಡ್ಡ ಹಿಡಿದರು.

"ಹೇಳಬ್ಯಾಡವ್ವ. ನಾವು ಆಡಿ ನೋಡ್ತೀವಿ."

ಆ ದಿನ ಆಡಿದ್ದರಲ್ಲಿ ಪ್ರಫುಲ್ಲಾ ಸೋತರು. ಅವರು ನಕ್ಕದ್ದು ಅಡುಗೆಮನೆಯವರೆಗೂ ಕೇಳಿಸಿತು. ತಿಪಟೂರಿಗೆ ಹೋಗುವ ರೈಲು ಅಷ್ಟು ಹೊತ್ತಿಗೆ ಹೊರಟುಹೋಗಿತ್ತು.

ಶಾಲ್ಮಲಿಯ ವರದಿ ನವೆಂಬರಿನಲ್ಲಿ ಹೊರಬಂತು. ಯಂತ್ರಗಳ ಸಾಮರ್ಥ್ಯದ ಪಟ್ಟಿಯಲ್ಲಿ ಸಾರಥಿ ನಾಲ್ಕನೆಯ ಸ್ಥಾನದಿಂದ ಹತ್ತೊಂಬತ್ತಕ್ಕೆ ಇಳಿಯಿತು. ಐದನೆಯ ಆಟವನ್ನು ಬಿಟ್ಟರೆ ಪಂದ್ಯ ಎರಡೂವರೆ–ಎರಡೂವರೆಯ ಸಮ. ಯಂತ್ರದ ಕಲ್ಪನಾಶಕ್ತಿಯ ಬಗ್ಗೆ ಪುಸ್ತಕ ಬರೆದಿದ್ದವರು ಕೆಲವರು ನೊಂದುಕೊಂಡರು, ಒಬ್ಬರು ನಡೆಮಾಪಕವೇ ಸುಳ್ಳೆಂದರು. ನದಾಫರು ಮಾತ್ರ ದಾಖಲಾಲಯಕ್ಕೆ ಬೇರೆಯೇ ಆಕ್ಷೇಪಣೆ ಬರೆದರು. ಯಂತ್ರಕ್ಕೆ ಸೋಲಲಿಲ್ಲವೆಂದು ತನ್ನ ಹೆಸರನ್ನು ತೊಳೆದುಕೊಟ್ಟದ್ದು ಸರಿ, ಆದರೆ ತಾನು ಸೋತದ್ದು ನಿಜ, ಆ ಸೋಲನ್ನು ಅಳಿಸಬಾರದು ಎಂದು. ತಪ್ಪು ನನ್ನದು, ಆ ಗೆಲುವು ನನಗೆ ಬೇಡವೆಂದು ಪ್ರಫುಲ್ಲಾ ಬರೆದರು. ಕೊನೆಗೆ ಶಾಲ್ಮಲಿ ಪಟ್ಟಿಯ ಅಡಿಯಲ್ಲಿ ಒಂದು ಸಾಲು ಸೇರಿಸಿದಳು: ಹುಬ್ಬಳ್ಳಿ, ೧೯೯೬, ಬಿಳಿ ಕಾಯಿ ಟಿ. ಎನ್. ಪ್ರಫುಲ್ಲಾ, ಇಪ್ಪತ್ತಮೂರನೆಯ ನಡೆಯಿಂದ.

ಆಮೇಲೆ ಬೇರೆ ಬೇರೆ ದೇಶಗಳಿಂದ ಕಾಗದಗಳು ಬರತೊಡಗಿದವು. ಅಂದಿನ ಯಂತ್ರಗಳ ಪಕ್ಕದಲ್ಲಿ ಚೀಟಿ ಹಿಡಿದು ನಿಂತಿದ್ದವರು, ಈಗ ಮುದುಕರಾದವರು, ತಮ್ಮ ತಮ್ಮ ಪಂದ್ಯಗಳ ನೆನಪುಗಳನ್ನು ಬರೆದಿದ್ದರು. ಯಂತ್ರಗಳನ್ನು ಅಳೆಯಲು ಕಟ್ಟಿದ ನಡೆಮಾಪಕದ ಮುಂದೆ ಕೂತು ಶಾಲ್ಮಲಿ ದಿನದ ಬಹುಪಾಲು ಮನುಷ್ಯರ ಕಾಗದಗಳನ್ನೇ ಓದುವಂತಾಯಿತು.

ಪ್ರಫುಲ್ಲಾ ತಿಂಗಳ ಎರಡನೆಯ ಶನಿವಾರಗಳಲ್ಲಿ ಹುಬ್ಬಳ್ಳಿಗೆ ಹೋಗಿಬರುತ್ತಿದ್ದರು. ಬೆಳಿಗ್ಗೆ ಹೋಗಿ, ನದಾಫರ ಜೊತೆ ಒಂದು ಆಟ ಆಡಿ, ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದರು. ಒಂದು ಸಲ ಶಾಲ್ಮಲಿಯೂ ಹೋಗಿ, ನಡೆಗಳನ್ನು ಬರೆದುಕೊಳ್ಳಲು ಪುಸ್ತಕ ತೆರೆದಾಗ ಇಬ್ಬರೂ ಬೇಡವೆಂದರು. ಹೀಗೆ ಹದಿನೇಳು ಆಟಗಳು ನಡೆದವು. ಜಗತ್ತಿನ ಆಟಗಳನ್ನೆಲ್ಲ ಕೂಡಿಡುವ ದಾಖಲಾಲಯದಲ್ಲಿ ಅವುಗಳಲ್ಲಿ ಒಂದೂ ಇಲ್ಲ.

ನದಾಫರು ತೀರಿಕೊಂಡದ್ದು ೨೦೪೮ರ ಮಾರ್ಚಿನಲ್ಲಿ. ಮಣ್ಣಿಗೆ ಬಂದಿದ್ದ ಪ್ರಫುಲ್ಲಾ ಅವರನ್ನು ಸ್ಟೇಷನ್ನಿಗೆ ಬಿಡಲು ಶಾಲ್ಮಲಿ ಹೋಗಿದ್ದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ, ತಡೆಯಲಾಗದೆ, ಹದಿನೇಳರಲ್ಲಿ ಹೆಚ್ಚು ಗೆದ್ದವರು ಯಾರು ಎಂದು ಕೇಳಿಬಿಟ್ಟಳು. ಪ್ರಫುಲ್ಲಾ ಎಣಿಸಿಲ್ಲವೆಂದರು. ರೈಲು ಬರುವ ಸೂಚನೆ ಧ್ವನಿವರ್ಧಕದಲ್ಲಿ ಕೇಳಿಸಿತು. ಅವರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

"ಕೊನೇದು ಮುಗಿದಿರಲಿಲ್ಲಮ್ಮ," ಎಂದರು. "ಅವರಿಗೆ ಸುಸ್ತಾಗಿತ್ತು, ಹಲಗೆ ಹಾಗೇ ಇರಲಿ ಅಂದರು. ಮುಂದಿನ ನಡೆ ನನ್ನದಿತ್ತು."